ಬಲಿಪಾಡ್ಯಮಿಯ ಇರುಳೂಟ

ದೀಪಾವಳಿಯ ದಿನಗಳಲ್ಲಿ ನಮ್ಮ ಸೀಮೆಯವರು ಅಂಗಳದಲ್ಲಿ ಹಾಲೆಮರದ ಕಂಬವನ್ನು ನೆಟ್ಟು, ದೀಪವನ್ನಿರಿಸಿ, ಅವಲಕ್ಕಿಯನ್ನೂ ಹೂವನ್ನೂ ಚೆಲ್ಲಿ ಕೂಗಿ ಕರೆಯುವುದು ಬೇಡಿದವನಾದ ವಾಮನನನ್ನಲ್ಲ, ಕೊಟ್ಟವನಾದ ಬಲೀಂದ್ರನನ್ನು. ಪಾಠಶಾಲೆಯಲ್ಲಿ ಪುರಾಣವನ್ನೋದಿದ ನಮಗೆ ವಾಮನನು ದೇವರು. ಗದ್ದೆಯ ಅಂಚಿನಲ್ಲಿ ನಿಂತು ಕೂಗುವ ಬೇಸಾಯಗಾರನಿಗೆ ಬಲಿಯೇ ಅರಸನು. ಅರುವತ್ತು ದಾಟಿದ ಮೇಲೆ ನನ್ನ ಮನಸ್ಸು ಆ ಬೇಸಾಯಗಾರನ ಕಡೆಗೇ ವಾಲುತ್ತಿರುವುದು. ಅದಕ್ಕೆ ಕಾರಣವು ತತ್ತ್ವವಿಚಾರವಲ್ಲ, ನನ್ನ ಮನೆಯೊಳಗಿನ ವಸ್ತುಗಳು.

ಈ ಸಲದ ಹಬ್ಬಕ್ಕೆ ಮಗನಿಗೆ ಬೆಂಗಳೂರಿನಲ್ಲಿ ರಜೆ ದೊರೆಯಲಿಲ್ಲ. ಸುಳ್ಯದ ಸಮೀಪದ ಈ ಮನೆಯಲ್ಲಿ ಪಾಡ್ಯದ ರಾತ್ರಿ ಉಂಡವರು ನಾವಿಬ್ಬರೇ. ಬಾಳೆಯೆಲೆಯಲ್ಲಿ ಕುಚ್ಚಲಕ್ಕಿಯ ಅನ್ನ, ಸೌತೆಯ ಹುಳಿ, ಒಂದು ಪಾಯಸ, ಅಷ್ಟೇ. ಸೌತೆಯನ್ನು ಬೇಸಗೆಯಲ್ಲಿ ಕೊಟ್ಟವಳು ನೆರೆಮನೆಯ ಅಜ್ಜಿ. ಬಾಳೆನಾರಿನಲ್ಲಿ ಕಟ್ಟಿ ಪಕ್ಕಾಸಿಗೆ ತೂಗಹಾಕಿದ್ದುದು ಮಳೆಗಾಲವನ್ನೆಲ್ಲ ಕಳೆದು ಅಂದು ಕೆಳಗಿಳಿಯಿತು. ಕುಳಿತ ಹಲಸಿನ ಮಣೆಯು ಬಡಗಿಯಾದ ಹಳೆಯ ಶಿಷ್ಯನೊಬ್ಬನು ನನ್ನ ನಿವೃತ್ತಿಯ ದಿನ ಹೊತ್ತು ತಂದುದು. (ಅವನಿಗೆ ವಿಭಕ್ತಿಗಳು ಕಡೆಯವರೆಗೂ ಹತ್ತಲಿಲ್ಲ; ಮಣೆ ಮಾತ್ರ ಎಳ್ಳಷ್ಟೂ ಅಲುಗದು.) ಗೋಡೆಯ ಗೂಡಿನಲ್ಲಿ ಗುರುಗಳು ಕೊಟ್ಟ ಅಮರಕೋಶ. ನನ್ನ ಸಂಬಳದಿಂದ ಕೊಂಡ ವಸ್ತು ಆ ಕೋಣೆಯಲ್ಲಿ ಗಡಿಯಾರವೊಂದೇ. ಅದು ನಿಂತು ಬಹಳ ಕಾಲವಾಯಿತು.

ಎಲೆಯ ಮುಂದೆ ಉರಿಯುತ್ತಿದ್ದ ಗೇಣೆತ್ತರದ ಹಿತ್ತಾಳೆಯ ದೀಪವು ಸಿಂಹಳದಿಂದ ಬಂದುದು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರಿಗೂ ಸಿರಿಮಾವೋ ಬಂಡಾರನಾಯಕೆಯವರಿಗೂ ಆದ ಒಪ್ಪಂದದಂತೆ, ಅಲ್ಲಿನ ಚಹಾತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ತಮಿಳರೇ ಮೊದಲಾದವರಲ್ಲಿ 5,25,000 ಮಂದಿಯನ್ನು ಭಾರತವು ಸ್ವೀಕರಿಸುವುದೆಂದು ತೀರ್ಮಾನವಾಯಿತು. ತಲೈಮನ್ನಾರಿನಲ್ಲಿ ಹಡಗನ್ನೇರಿ ರಾಮೇಶ್ವರದಲ್ಲಿ ಇಳಿದ ಅವರಲ್ಲಿ ಕೆಲವು ಕುಟುಂಬಗಳು ಸುಳ್ಯ, ಪುತ್ತೂರು ತಾಲೂಕುಗಳ ರಬ್ಬರು ತೋಟಗಳಿಗೆ ಬಂದುವು. ಕಡಬವು ಆಗ ಪುತ್ತೂರಿಗೇ ಸೇರಿದ್ದಿತು. ಬೆಳಕು ಹರಿಯುವ ಮೊದಲೇ ತೊಗಟೆಯನ್ನು ಗೀರಿ ಹಾಲಿಳಿಸಲು ಹೊರಡುವವರ ಮಕ್ಕಳು ನನ್ನ ತರಗತಿಯಲ್ಲಿ ಬಂದು ಕುಳಿತರು. ಮನೆಯ ಮಾತು ತಮಿಳು, ಪೇಟೆಯ ಮಾತು ತುಳು, ಶಾಲೆಯ ಮಾತು ಕನ್ನಡ. ಅದರ ಮೇಲೆ ನಾನು ರಾಮಶಬ್ದವನ್ನೂ ಹೇರುತ್ತಿದ್ದೆನು.

ಅವರಲ್ಲೊಬ್ಬಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದಾಗ ಅವಳ ತಾಯಿ ಈ ದೀಪವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಅವಳ ಅತ್ತೆಯು ಹಡಗಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದುದಂತೆ. ನಾನು ಒಲ್ಲೆನೆಂದೆನು. "ಬೇಡ ಹೇಳ್ಬೇಡಿ ಮಾಷ್ಟ್ರೇ, ಕೊಡ್ಲಿಕ್ಕೆ ನಮ್ಮ ಹತ್ರ ಬೇರೆ ಏನುಂಟು?" ಎಂದಳು. ಇನ್ನೊಮ್ಮೆ ಒಲ್ಲೆನೆಂದಿದ್ದರೆ ಅವಳನ್ನು ಬಡವಳೆಂದು ಕರೆದಂತಾಗುತ್ತಿದ್ದಿತು. ಕೈಚಾಚಿದೆನು. ಬಲಿಯ ಮುಂದೆ ವಿಷ್ಣುವೂ ಏತಕ್ಕೆ ಕುಳ್ಳನಾಗಬೇಕಾಯಿತೆಂಬುದಕ್ಕೆ ಆ ವರೆಗೆ ನಾನು ಓದಿದ್ದ ವ್ಯಾಖ್ಯಾನಗಳು ಬೇಕಾಗಲಿಲ್ಲ.

ಆ ಹುಡುಗಿ ಈಗ ಮಂಗಳೂರಿನಲ್ಲಿ ದಾದಿ. ಚಿಕ್ಕದೊಂದು ಮನೆಯನ್ನು ಕಟ್ಟಿಸಿದ್ದಾಳೆ. ಉತ್ಥಾನದ್ವಾದಶಿ ಕಳೆದ ಮೇಲೆ ಒಕ್ಕಲಾಗುವುದೆಂದು ಕರೆಯೋಲೆ ಬಂದಿದೆ. ಪಾಯಸವನ್ನು ಬಡಿಸುತ್ತ ಮನೆಯಾಕೆ, "ಈ ದೀಪ ಅವಳ ಮನೆಯಲ್ಲಿರಬೇಕಾದ್ದು. ಹೋಗುವಾಗ ಕೊಂಡುಹೋಗುವ" ಎಂದಳು.

ನಾನು ಚರ್ಚೆಗಿಳಿದೆನು. ಕಾಣಿಕೆಯನ್ನು ಹಿಂದಿರುಗಿಸಿದರೆ ಕೊಟ್ಟವರ ಮನಸ್ಸು ಮುರಿಯದೆ? ಮನುವು ಹೇಳಿದ ಹದಿನೆಂಟು ವ್ಯವಹಾರಪದಗಳಲ್ಲಿ ದತ್ತಸ್ಯಾನಪಕರ್ಮವೆಂಬುದೊಂದುಂಟು. ಅದಾದರೋ ಕೊಟ್ಟವನು ಮರಳಿ ಕೇಳುವ ಮಾತು, ಪಡೆದವನು ತಾನಾಗಿ ಮರಳಿಸುವ ಮಾತಲ್ಲ, ಎಂದೆಲ್ಲ ವಿವರಿಸಿದೆನು. ಅವಳು ಸೌಟನ್ನು ಪಾತ್ರೆಗೆ ಹಾಕಿ, "ಮನು ಈ ದೀಪವನ್ನು ತಿಕ್ಕಿದವನಲ್ಲ, ನಾನು ತಿಕ್ಕಿದವಳು. ಆ ಅಜ್ಜಿ ಕಡಲು ದಾಟಿಸಿ ತಂದದ್ದು ನಮಗೋಸ್ಕರವೋ?" ಎಂದಳು.

ಗದ್ದೆಯ ಕಡೆಯಿಂದ ಯಾರೋ ಬಲೀಂದ್ರನನ್ನು ಕೂಗಿದರು. ನಾನು ಉತ್ತರಾಪೋಶನವನ್ನು ತೆಗೆದುಕೊಂಡೆನು. ದೀಪವನ್ನು ಬರಿದಾಗಿ ಕೊಡಬಾರದು, ಬತ್ತಿಯನ್ನೂ ಒಂದು ಕುಪ್ಪಿ ಎಳ್ಳೆಣ್ಣೆಯನ್ನೂ ಜೊತೆಗಿಡಬೇಕೆಂದು ಅವಳೇ ನಿಶ್ಚಯಿಸಿದಳು. ಪಕ್ಕಾಸಿನಲ್ಲಿ ಇನ್ನೂ ಮೂರು ಸೌತೆಗಳಿವೆ. ಅವುಗಳಲ್ಲಿ ದೊಡ್ಡದೂ ಹೋಗುವುದಂತೆ. ಬೆಳಗಿನ ಮೊದಲನೆಯ ಬಸ್ಸಿಗೇ ಹೊರಡತಕ್ಕದ್ದು.