ಅಣ್ಣನ ಚಿತ್ರದ ಕೆಳಗೊಂದು ಸಾಲು

ರಜೆಗೆಂದು ದಾವಣಗೆರೆಗೆ ಬಂದ ಮೊಮ್ಮಗಳು ಬೆಂಗಳೂರಿನಿಂದ ಒಂದು ದಪ್ಪ ಪುಸ್ತಕ ತಂದಿದ್ದಳು. ಅಲ್ಲಿನ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಕೊಂಡ ಕ್ಯಾಟಲಾಗು ಅದು. ಪ್ರದರ್ಶನ ಮುಗಿದು ಗೋಡೆಯಿಂದ ಚಿತ್ರಗಳನ್ನು ಇಳಿಸಿದ ಮೇಲೂ ಉಳಿಯುವುದು ಇದೊಂದೇ.

ನಾನು ಚಿತ್ರ ನೋಡುತ್ತಿದ್ದರೆ ಅವಳು ಕೆಳಗಿನ ಸಣ್ಣಕ್ಷರದ ಸಾಲು ಓದುತ್ತಿದ್ದಳು. ಕಲಾವಿದರು, ಚಿತ್ರದ ಹೆಸರು, ವರ್ಷ, ಯಾವ ಬಣ್ಣ, ಅಳತೆ, ಯಾರ ಸಂಗ್ರಹ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಟೇಪು ಹಿಡಿದು ನೋಡಿದೆವು. ಪುಟದ ತುಂಬ ಇದ್ದ ಚಿತ್ರ ನಿಜಕ್ಕೂ ಅವಳ ಅಂಗೈಯಷ್ಟೇ. ಪಕ್ಕದ ಪುಟದ ಪುಟಾಣಿ ಚಿತ್ರ ನಮ್ಮ ತಲೆಬಾಗಿಲಿಗಿಂತ ದೊಡ್ಡದು! ಬಣ್ಣಕ್ಕೂ ಲೆಕ್ಕವಿದೆ. ಚಿತ್ರದ ಫೋಟೊ ತೆಗೆಯುವಾಗ ಪಕ್ಕದಲ್ಲಿ ಬಣ್ಣಬಣ್ಣದ ಚೌಕಗಳಿರುವ ಪಟ್ಟಿಯೊಂದನ್ನು ಇಡುತ್ತಾರೆ. ಅಚ್ಚಿನಲ್ಲಿ ಕೆಂಪು ಕೆಂಪಾಗೇ ಬಂತೇ ಎಂದು ಅದರಿಂದ ತಾಳೆ ನೋಡುತ್ತಾರೆ. ಪ್ಯಾರಿಸ್ಸಿನಲ್ಲಿ 1673ರಲ್ಲೇ ಪ್ರದರ್ಶನಕ್ಕೊಂದು ಕಿರುಪುಸ್ತಕ ಅಚ್ಚು ಹಾಕಿಸಿದ್ದರು. ಅದರಲ್ಲಿ ಚಿತ್ರಗಳಿರಲಿಲ್ಲ, ಬರೀ ಪಟ್ಟಿ.

"ಅಜ್ಜ, ನಮ್ಮನೇದೂ ಒಂದು ಮಾಡೋಣ" ಎಂದಳು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ನಡುಮನೆಯಲ್ಲಿ ಇರುವುದೇ ಒಂದು ಚಿತ್ರ. ಹತ್ತಿ ಗಿರಣಿಯ ಚಿಮಣಿ, ಪಾಳಿ ಮುಗಿಸಿ ಹೊರಬರುವ ಜನ. ಗಿರಣಿಯಲ್ಲೇ ದುಡಿಯುತ್ತಿದ್ದ ನಮ್ಮಣ್ಣ ಬರೆದದ್ದು. ಆ ಚಿಮಣಿ ಈಗಿಲ್ಲ, ಅಣ್ಣನೂ ಇಲ್ಲ. ಹಿಂದೆ ತಿರುಗಿಸಿ ನೋಡಿದರೆ ಸಹಿ ಇಲ್ಲ, ತಾರೀಕಿಲ್ಲ. "ವರ್ಷ?" ಎಂದಳು. ದಿನಾ ಕಣ್ಣೆದುರಿಗಿರುವ ಚಿತ್ರ, ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹರಿಹರದಲ್ಲಿರುವ ಅತ್ತಿಗೆಗೆ ಗೊತ್ತಿರಬೇಕು. ಅವರಿಗೂ ವಯಸ್ಸಾಯಿತು, ಈಚೆಗೆ ಮರೆವು ಜಾಸ್ತಿ. ಮರುದಿನವೇ ಬಸ್ಸು ಹತ್ತಿದೆವು.

ದಾರಿಯಲ್ಲೇ ಎಂದು ಮೊದಲು ಹರಿಹರೇಶ್ವರನ ಗುಡಿಗೆ ಹೋದೆವು. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ನುಣುಪಾದ ಕಂಬಗಳನ್ನು ಕೈಯಲ್ಲಿ ಸವರುತ್ತಾ ಮೊಮ್ಮಗಳು ನೋಟ್‌ಬುಕ್ ತೆಗೆದಳು. ವರ್ಷ ಹೇಳುವುದು ಇಲ್ಲಿ ಸುಲಭ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದೆಂದು ಕಲ್ಲಿನ ಶಾಸನವಿದೆ. ಬಿ. ಎಲ್. ರೈಸ್ ಅವರು ಊರೂರಿನ ಇಂಥ ಶಾಸನಗಳನ್ನು ಓದಿಸಿ, ತಾಲ್ಲೂಕುವಾರು ನಂಬರು ಕೊಟ್ಟು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದೂ ಕ್ಯಾಟಲಾಗೇ, ನನ್ನ ಲೆಕ್ಕದಲ್ಲಿ.

"ಈ ಕಂಬ ಕೆತ್ತಿದವರು?"

ನಾನು ಸುಮ್ಮನಿದ್ದೆ. ಅವಳು ಅಲ್ಲೊಂದು ಗೀಟು ಹಾಕಿದಳು.

ಅತ್ತಿಗೆ ಮಂಡಕ್ಕಿ ಕಲೆಸಿ ಮುಂದಿಟ್ಟರು. ನನ್ನ ಹೆಸರನ್ನು ಎರಡು ಸಲ ತಪ್ಪು ಹೇಳಿದರು. ಫೋನಿನಲ್ಲಿ ಚಿತ್ರ ತೋರಿಸಿದೊಡನೆ ಮಾತ್ರ ಕಣ್ಣರಳಿತು.

"ಅವತ್ತು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ರು. ಗಿರಣೀಲಿ ಪೇಡೆ ಹಂಚಿದ್ರು ಅಂತ ನಿಮ್ಮಣ್ಣ ತಂದ್ರು. ಅದೇ ರಾತ್ರಿ ಕೂತು ಬರೆದದ್ದು. ಬಣ್ಣ ಕಲೆಸೋಕೆ ನನ್ನ ಒಗ್ಗರಣೆ ಬಟ್ಟಲು ತಗೊಂಡಿದ್ರು!"

ಹಾಗಾದರೆ 1973, ನವೆಂಬರ್ 1. ಆಗ ಮುಖ್ಯಮಂತ್ರಿ ನಮ್ಮ ಬಡಾವಣೆಗೆ ಹೆಸರಾದ ದೇವರಾಜ ಅರಸರೇ. ಮೊಮ್ಮಗಳು ಬರೆದುಕೊಂಡಳು. ಕೊನೆಗೆ "ಸಂಗ್ರಹ: ಅಜ್ಜನ ಮನೆ" ಎಂದು ಜೋರಾಗಿ ಓದಿದಳು.

"ಯಾರಂದ್ರು?" ಎಂದರು ಅತ್ತಿಗೆ. "ಅದು ನನಗೆ ಬರೆದುಕೊಟ್ಟಿದ್ದು. ಮನೆ ಸುಣ್ಣ ಹೊಡೆಸುವಾಗ ನಾಲ್ಕು ದಿನ ಇಟ್ಟುಕೋ ಅಂತ ನಿಮ್ಮಜ್ಜನ ಕೈಗೆ ಕೊಟ್ಟೆ."

ಮೊಮ್ಮಗಳು ನನ್ನ ಮುಖ ನೋಡಿದಳು. ನೋಟ್‌ಬುಕ್ಕಿನಲ್ಲಿ ಆ ಸಾಲು ಹೊಡೆದುಹಾಕಿ, "ಸಂಗ್ರಹ: ದೊಡ್ಡಜ್ಜಿ, ಹರಿಹರ. ಅಜ್ಜನಿಗೆ ಎರವಲು" ಎಂದು ಬರೆದಳು.