ಮುಖ ಯಾವ ಕಡೆ?

9 ಜನವರಿ 2025, ಗುರುವಾರ
ಭಾರತದ ಸ್ಪೇಡೆಕ್ಸ್ ಉಪಗ್ರಹಗಳನ್ನು ಕಕ್ಷೆಯಲ್ಲಿ ಒಂದಕ್ಕೊಂದು ಜೋಡಿಸುವುದು ಮತ್ತೆ ಮುಂದಕ್ಕೆ ಹೋಯಿತು. ಹತ್ತಿರ ತರುವಾಗ ನಿರೀಕ್ಷೆಗಿಂತ ಹೆಚ್ಚು ಸರಿದವಂತೆ. ತಲಾ 220 ಕಿಲೋ ತೂಕದ ಎರಡು ಉಪಗ್ರಹಗಳು, ಒಂದರ ಮುಖ ಇನ್ನೊಂದಕ್ಕೆ ಎದುರಾಗಿ ನಿಲ್ಲಬೇಕು.

ನನ್ನ ಪ್ರಾಜೆಕ್ಟಿನ ಕೆಲಸವೂ ಅದೇ, ಕಂಪ್ಯೂಟರಿನೊಳಗೆ: ಫೋಟೋ ನೋಡಿ ಉಪಗ್ರಹದ ಮುಖ ಯಾವ ಕಡೆ ಎಂದು ಹೇಳುವುದು. ಉಪಗ್ರಹದ ತ್ರೀಡಿ ಮಾದರಿಯನ್ನು ನಾನಾ ಕೋನಗಳಲ್ಲಿ ತಿರುಗಿಸಿ ಚಿತ್ರಗಳ ಕಂತೆ ಮಾಡಿಟ್ಟಿದ್ದೇನೆ. ಕ್ಯಾಮೆರಾದ ಫೋಟೋಗೆ ಅವುಗಳಲ್ಲಿ ಯಾವುದು ಹೆಚ್ಚು ಹೋಲುತ್ತದೆ ಎಂದು ಹುಡುಕಿ, ಅಂಚು ಅಂಚಿಗೆ ಕೂಡುವ ತನಕ ಕೋನವನ್ನು ತಿದ್ದುವುದು. ಪೇಚು ಎಂದರೆ, ಉಪಗ್ರಹಗಳು ಬಹುಪಾಲು ಪೆಟ್ಟಿಗೆಗಳು. ಎಡವೂ ಬಲವೂ ಒಂದೇ ಥರ ಇದ್ದರೆ, ಎಷ್ಟು ಚೆನ್ನಾಗಿ ಹೋಲಿಸಿದರೂ ಎರಡು ಉತ್ತರ.

10 ಜನವರಿ
ಇವತ್ತು ಬೆಳಕಿನ ಕಾಟ. ಮೇಲೆ ಗಾಳಿಯಿಲ್ಲ, ಬಿಸಿಲು ಚದುರುವುದಿಲ್ಲ. ಬಿಸಿಲು ಬಿದ್ದ ಮೈ ಕಣ್ಣು ಕುಕ್ಕುತ್ತದೆ, ನೆರಳು ಕಡುಗಪ್ಪು. ಶಾಖ ತಡೆಯುವ ಸುಕ್ಕು ಹಾಳೆ ಕೋನ ಚೂರು ಬದಲಾದರೆ ಬೇರೆಯೇ ಹೊಳೆಯುತ್ತದೆ. ನೆರಳಿನ ಗೆರೆಯನ್ನು ಪ್ರೋಗ್ರಾಂ ಮೈಯ ಅಂಚೆಂದು ಹಿಡಿಯುತ್ತದೆ. 2019ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸ್ವೀಡನ್ನಿನ ಟ್ಯಾಂಗೊ ಉಪಗ್ರಹದ ಚಿತ್ರಗಳನ್ನು ಕೊಟ್ಟು ಅದರ ಭಂಗಿ ಗುರುತಿಸುವ ಸ್ಪರ್ಧೆ ನಡೆಸಿದಾಗಲೂ ಎದ್ದು ಕಂಡದ್ದು ಇದೇ: ಕಂಪ್ಯೂಟರ್ ಬಿಡಿಸಿದ ಚಿತ್ರದಲ್ಲಿ ಕಲಿತ ಜಾಣ ಪ್ರೋಗ್ರಾಂ ನಿಜವಾದ ಫೋಟೋ ಎದುರು ತಡವರಿಸುತ್ತದೆ.

12 ಜನವರಿ, ಭಾನುವಾರ
ಸ್ಪೇಡೆಕ್ಸ್ ಜೋಡಿ 15 ಮೀಟರ್, ಆಮೇಲೆ 3 ಮೀಟರ್ ತನಕ ಬಂದು ಹಿಂದೆ ಸರಿಯಿತು. ಅವಕ್ಕೆ ಒಂದು ಅನುಕೂಲ ಇದೆ: ಪರಸ್ಪರ ಗುರುತಿಸಲೆಂದೇ ಮೈಮೇಲೆ ಲೇಸರ್ ದೀಪಗಳಿವೆ. ಹಣೆಗೆ ಬೊಟ್ಟಿಟ್ಟುಕೊಂಡವರ ಮುಖ ದೂರದಿಂದಲೂ ತಿಳಿಯುವ ಹಾಗೆ. ಮೈಮೇಲೆ ಎಲ್ಲಿವೆ ಎಂದು ಗೊತ್ತಿರುವ ಮೂರು ಬಿಂದು ಕಂಡರೆ ಭಂಗಿಗೆ ನಾಲ್ಕರವರೆಗೂ ಉತ್ತರಗಳಿರಬಹುದು. ನಾಲ್ಕನೆಯದು ಕಂಡರೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆಗೆ ಈ ಅನುಕೂಲ ಇರಲಿಲ್ಲ. 2009ರಲ್ಲಿ ಹಾರಿದ ರಾಕೆಟ್ಟಿನ ಮೇಲ್ಹಂತವೊಂದು ಕಕ್ಷೆಯಲ್ಲೇ ಉಳಿದಿತ್ತು: ಸಂಕೇತ ಇಲ್ಲ, ಗುರುತೂ ಇಲ್ಲ. ಕಳೆದ ವರ್ಷ ಈ ನೌಕೆ ಅದರ 15 ಮೀಟರ್ ಸನಿಹಕ್ಕೆ ಹೋಯಿತು.

14 ಜನವರಿ, ಸಂಕ್ರಾಂತಿ
ಎಳ್ಳು ಬೀರಿ ಬಂದು ಯುರೋಪಿನ ಎನ್ವಿಸ್ಯಾಟ್ ಕಥೆ ಓದಿದೆ. ಎಂಟು ಟನ್ನಿನ ಆ ಉಪಗ್ರಹ 2012ರ ಏಪ್ರಿಲ್ 8ರಂದು ಇದ್ದಕ್ಕಿದ್ದಂತೆ ಮೌನವಾಯಿತು. ಸೌರಫಲಕ ಸೂರ್ಯನ ಕಡೆಗಿದ್ದರೆ ಬ್ಯಾಟರಿಗೆ ಜೀವ, ಇಲ್ಲದಿದ್ದರೆ ಇಲ್ಲ. ಕೇಳೋಣವೆಂದರೆ ಅದು ಮಾತಾಡುತ್ತಿಲ್ಲ. ನೆಲದ ಚಿತ್ರ ತೆಗೆಯಲು ಕಟ್ಟಿದ ಫ್ರಾನ್ಸಿನ ಪ್ಲಿಯಾಡ್ಸ್ ಉಪಗ್ರಹವನ್ನು 15ರಂದು ಅತ್ತ ತಿರುಗಿಸಿ, ಸುಮಾರು 100 ಕಿ.ಮೀ. ದೂರದಿಂದ ಫೋಟೋ ತೆಗೆಸಿದರು. ಜರ್ಮನಿಯ ರೇಡಾರ್ ಕೂಡ ಚಿತ್ರ ಕೊಟ್ಟಿತು. ಅವುಗಳಿಂದಲೇ ಅದು ಯಾವ ಭಂಗಿಯಲ್ಲಿದೆ ಎಂದು ಲೆಕ್ಕ ಹಾಕಲು ಕೂತರು. ಮಾತು ಮರಳಲಿಲ್ಲ; ಮೇ 9ರಂದು ಕೈಬಿಟ್ಟರು. ಅದು ಈಗಲೂ ಭೂಮಿ ಸುತ್ತುತ್ತಿದೆ.

16 ಜನವರಿ, ಗುರುವಾರ
ಬೆಳಿಗ್ಗೆ ಸುದ್ದಿ: ಜೋಡಣೆ ಆಯಿತು. ಅಮೆರಿಕ, ರಷ್ಯಾ, ಚೀನಾ ಬಳಿಕ ನಾವು. ಲ್ಯಾಬಿನಲ್ಲಿ ಮೈಸೂರುಪಾಕು ಹಂಚಿದರು.

ಇಷ್ಟು ದಿನದ ಓದಿನಿಂದ ನನಗೆ ಅನ್ನಿಸಿದ್ದು ಇದು. ಚಿತ್ರ ಹೋಲಿಸುವ ವಿದ್ಯೆ ಎಷ್ಟೇ ಬೆಳೆಯಲಿ, ಹೋಲಿಕೆಗೆ ಆಧಾರ ಬೇಕೇ ಬೇಕು. ಮುಂದೆ ಹಾರುವ ಪ್ರತಿ ಉಪಗ್ರಹದ ಪ್ರತಿ ಬದಿಗೂ ಬೇರೆಬೇರೆ ನಾಲ್ಕು ಗುರುತು ಹಚ್ಚಿ ಕಳಿಸಬೇಕು. ಕೆಟ್ಟು ನಿಂತ ದಿನ ರಿಪೇರಿಗೆ ಹೋಗುವವರಿಗೂ, ಕಸವೆಂದು ಎತ್ತಿ ತರುವವರಿಗೂ ಅದೇ ವಿಳಾಸ.