ತಂದೆಗೆ ಕಿವಿಯಾದ ಮಗ

ಒಮ್ಮೆಯೂ ಕಣ್ಣಾರೆ ಕಾಣದ ಆಟವನ್ನು ಜೀವಮಾನವಿಡೀ ಪ್ರೀತಿಸಲು ಸಾಧ್ಯವೇ? ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆ ಕೇಳಿ ಬೆಳೆದ ನಮ್ಮ ಪೀಳಿಗೆಗೆ ಇದು ವಿಚಿತ್ರ ಪ್ರಶ್ನೆಯಲ್ಲ. ಅಮೆರಿಕದ ಹಿರಿಯ ಕಥೋಲಿಕರಿಗೂ ಅಲ್ಲ. ಅವರಲ್ಲಿ ಅನೇಕರ ಬಾಲ್ಯದ ಶನಿವಾರಗಳು ಕಾಲೇಜು ಫುಟ್‌ಬಾಲಿನ ಬಾನುಲಿ ಪ್ರಸಾರಕ್ಕೆ ಮೀಸಲಾಗಿದ್ದವು.

ಅವರ ಫುಟ್‌ಬಾಲ್ ನಮ್ಮದರಂತಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಆಟವದು. 1921ರಲ್ಲಿ ಕೆಡಿಕೆಎ ಬಾನುಲಿ ನಿಲಯವು ಪಿಟ್ಸ್‌ಬರ್ಗ್ ಮತ್ತು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಗಳ ಪಂದ್ಯವನ್ನು ನೇರವಾಗಿ ಬಿತ್ತರಿಸಿತು. ಮುಂದೆ ದೂರದರ್ಶನ ಮನೆಮನೆಗೆ ಬರುವವರೆಗೂ, ಟಿಕೇಟು ಕೊಳ್ಳಲಾಗದವರಿಗೆ ಬಾನುಲಿಯೇ ಕ್ರೀಡಾಂಗಣವಾಗಿತ್ತು.

ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡಕ್ಕಂತೂ ದೇಶದುದ್ದಕ್ಕೂ ಅಭಿಮಾನಿಗಳಿದ್ದರು. ಹೋಲಿ ಕ್ರಾಸ್ ಸಭೆಯ ಫಾದರ್ ಎಡ್ವರ್ಡ್ ಸೋರಿನ್ 1842ರಲ್ಲಿ ಸ್ಥಾಪಿಸಿದ ಈ ವಿದ್ಯಾಸಂಸ್ಥೆಯ ಫ್ರೆಂಚ್ ಹೆಸರು ದೇವಮಾತೆಯನ್ನೇ ಸೂಚಿಸುತ್ತದೆ. ಐರ್ಲೆಂಡ್, ಪೋಲೆಂಡ್, ಇಟಲಿಗಳಿಂದ ವಲಸೆ ಬಂದ ಬಡ ಕಥೋಲಿಕರನ್ನು ಅಂದಿನ ಅಮೆರಿಕ ಸಂಶಯದಿಂದ ನೋಡುತ್ತಿತ್ತು. 1928ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಆಲ್ ಸ್ಮಿತ್ ಅವರು ತಮ್ಮ ಧರ್ಮದ ಕಾರಣಕ್ಕೂ ಕಟುವಾದ ವಿರೋಧವನ್ನು ಎದುರಿಸಿ ಸೋತರು. ಇಂತಹ ಜನರಿಗೆ ನೋಟರ್ ಡೇಮಿನ ಗೆಲುವು ತಮ್ಮದೇ ಗೆಲುವಾಗಿತ್ತು. ಆ ಕಾಲೇಜಿನ ಮೆಟ್ಟಿಲನ್ನೂ ತುಳಿಯದೆ, ಸುರಂಗ ರೈಲಿನಲ್ಲಿ ಪಂದ್ಯಕ್ಕೆ ಬರುತ್ತಿದ್ದ ನ್ಯೂಯಾರ್ಕ್ ನಗರದ ಅಭಿಮಾನಿಗಳಿಗೆ ‘ಸಬ್‌ವೇ ಹಳೆಯ ವಿದ್ಯಾರ್ಥಿಗಳು’ ಎಂಬ ಅಡ್ಡಹೆಸರೇ ಇತ್ತು.

ಕೆಲವು ವರ್ಷಗಳ ಹಿಂದೆ ಚಿಕಾಗೊದ ಧರ್ಮಕೇಂದ್ರವೊಂದರಲ್ಲಿ ಬೇಸಿಗೆಯ ಕೆಲವು ವಾರ ಸೇವೆ ಸಲ್ಲಿಸುವಾಗ, ಮನೆಯಿಂದ ಹೊರಬರಲಾಗದ ಹಿರಿಯರೊಬ್ಬರಿಗೆ ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದೆ. ಅವರ ತಂದೆ ಪೋಲೆಂಡಿನಿಂದ ಬಂದು ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಬಾನುಲಿಯಲ್ಲಿ ವಿವರಣೆಗಾರನ ಮಾತು ಹೊಳೆಯಂತೆ ಹರಿಯುವಾಗ ಎಂಟು ವರ್ಷದ ಮಗ ಪಕ್ಕದಲ್ಲಿ ಕುಳಿತು ಪೋಲಿಷ್ ಭಾಷೆಯಲ್ಲಿ ವಿವರಿಸಬೇಕು. ತಂದೆ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಆಟಗಾರರಂತೆ ಜೋಡಿಸಿ, ಮಗನ ಮಾತಿನಂತೆ ಸರಿಸುತ್ತಿದ್ದರಂತೆ.

ಅವರು ಮತ್ತೆ ಮತ್ತೆ ನೆನೆಯುತ್ತಿದ್ದುದು 1946ರ ನವೆಂಬರ್ 9ರ ಶನಿವಾರವನ್ನು. ಅಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ನೋಟರ್ ಡೇಮಿಗೆ ಎದುರಾಳಿ, ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಆರ್ಮಿ ತಂಡ. ಆರ್ಮಿ 1944ರಲ್ಲಿ 59–0, 1945ರಲ್ಲಿ 48–0 ಅಂಕಗಳಿಂದ ನೋಟರ್ ಡೇಮನ್ನು ಸದೆಬಡಿದಿತ್ತು. ಈ ಸಲ ಆರ್ಮಿಯ ಡಾಕ್ ಬ್ಲಾಂಚರ್ಡ್ ಚೆಂಡು ಹಿಡಿದು ಎಲ್ಲರನ್ನೂ ದಾಟಿ ಓಡಿದಾಗ, ಜಾನಿ ಲುಜಾಕ್ ಒಬ್ಬನೇ ಅವನನ್ನು ಕೆಡವಿದ. ಪಂದ್ಯ 0–0ರಲ್ಲಿ ಮುಗಿಯಿತು. ಲುಜಾಕ್ ಯಾರ ಮಗನೆಂದು ತಂದೆ ಕೇಳಿದರಂತೆ. ರೈಲ್ವೆ ಕಾರ್ಮಿಕನ ಮಗ, ನಮ್ಮವನೇ, ಎಂದ ಹುಡುಗ. ತಂದೆ ಏನೂ ಹೇಳಲಿಲ್ಲ. ಎದ್ದು ಹೋಗಿ, ತಮ್ಮ ಲೋಟದ ಕಾಫಿಯಲ್ಲಿ ಅರ್ಧವನ್ನು ಮಗನಿಗೆ ಸುರಿದುಕೊಟ್ಟರು.

ಲುಜಾಕ್ 2023ರಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬಾನುಲಿಯ ಪೀಳಿಗೆಯೂ ಕರಗುತ್ತಿದೆ. ಆ ಹಿರಿಯರ ನೆನಪಿನಲ್ಲಿ ಉಳಿದದ್ದು ಆಟಕ್ಕಿಂತ ಹೆಚ್ಚಾಗಿ ತಂದೆಯ ಬಳಿ ಕುಳಿತ ಆ ಗಳಿಗೆ. ಮಗ ಬಲ್ಲ ಭಾಷೆ ತಂದೆಗೆ ಬಾರದು. ಅದು ಅವರನ್ನು ದೂರ ಮಾಡಬಹುದಿತ್ತು, ಹುಡುಗನಿಗೆ ನಾಚಿಕೆಯನ್ನೂ ತರಬಹುದಿತ್ತು. ಆದರೆ ಅದೇ ಅವರನ್ನು ಒಂದೇ ಮೇಜಿನ ಬಳಿಗೆ ತಂದಿತು.

ನಮ್ಮ ಮನೆಗಳಲ್ಲಿ ಇಂದು ಏನಾಗುತ್ತಿದೆ? ಹೊಟ್ಟೆಬಟ್ಟೆ ಕಟ್ಟಿ ನಮ್ಮನ್ನು ಓದಿಸಿದ ತಂದೆತಾಯಿ ನಮ್ಮ ಇಂಗ್ಲಿಷಿನ ಮುಂದೆ, ನಮ್ಮ ಮೊಬೈಲಿನ ಮುಂದೆ ಮೌನವಾಗುತ್ತಿದ್ದಾರೆ. ಬ್ಯಾಂಕಿನ ಸಂದೇಶದ ಅರ್ಥವೇನೆಂದು ಅಮ್ಮ ಎರಡನೆಯ ಸಲ ಕೇಳಿದರೆ ನಮ್ಮ ದನಿ ಏರುತ್ತದೆ. ಕಲಿತ ವಿದ್ಯೆ ಕಲಿಸಿದವರಿಂದಲೇ ನಮ್ಮನ್ನು ದೂರ ಮಾಡಿದರೆ ಆ ವಿದ್ಯೆಯಿಂದ ಬಂದ ಲಾಭವೇನು?

ಪ್ರಿಯ ಓದುಗರೇ, ಈ ವಾರ ಒಂದು ಗಳಿಗೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಕೇಳಿದ್ದನ್ನು ಅವರ ಮಾತಿನಲ್ಲೇ, ಅವರಿಗೆ ತಿಳಿಯುವವರೆಗೂ ವಿವರಿಸಿ. ಬಳಿಕ ಅವರು ತಮ್ಮ ಕಾಲದ ಕಥೆಯೊಂದನ್ನು ಹೇಳಲು ತೊಡಗಿದರೆ, ಎದ್ದು ಹೋಗಬೇಡಿ.